ಬೆಟ್ಟದ ಬಂಡಿಗೆ ಹೊಸ ತಲೆ

ತಾಳವಾಡಿ ಫಿರ್ಕಾದ ಓದುಗರೊಬ್ಬರು ನಮಗೊಂದು ಪತ್ರ ಬರೆದಿದ್ದಾರೆ. ತಂದೆಯವರ ಕಾಲದ ಯೆಜ್ಡಿ ಬಂಡಿ ಇಂದಿಗೂ ಮನೆಯಲ್ಲಿದೆ. ಹೊಲದ ಕಾಲುದಾರಿಗೂ ಅದೇ, ಸತ್ಯಮಂಗಲದ ಪೇಟೆಗೂ ಅದೇ. ಆದರೆ ಅರಿಸಿನದ ಮೂಟೆ ಹೇರಿದರೆ ಏರಿನಲ್ಲಿ ಏದುಸಿರು ಬಿಡುತ್ತದೆಯಂತೆ. ಸಿಲಿಂಡರ್ ಹೆಡ್ಡನ್ನು ಲೇತಿಗೆ ಕೊಟ್ಟು ಒಂದೆರಡು ಮಿಲಿಮೀಟರ್ ಸವೆಸಿದರೆ ಶಕ್ತಿ ಹೆಚ್ಚುವುದೆಂದು ಸ್ನೇಹಿತರು ಹೇಳಿದ್ದಾರೆ, ಮಾಡಿಸಬಹುದೇ ಎಂಬುದು ಅವರ ಪ್ರಶ್ನೆ.

ಯೆಜ್ಡಿ ನಮ್ಮವರಿಗೆ ಪರಕೀಯವಾದ ಯಂತ್ರವಲ್ಲ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬಂಡಿಗಳು ಸಿದ್ಧವಾದವು. ಮೂಲ ವಿನ್ಯಾಸ ಚೆಕೊಸ್ಲೊವಾಕಿಯಾದ್ದು. ರಾಜ್ಯದ ಗಡಿ ನಮ್ಮನ್ನು ಈರೋಡು ಜಿಲ್ಲೆಗೆ ಸೇರಿಸಿದ್ದರೂ ನಮ್ಮ ಅಂಗಳಕ್ಕೆ ಈ ಬಂಡಿ ಬಂದುದು ಚಾಮರಾಜನಗರದ ದಾರಿಯಾಗಿಯೇ. 2022ರಲ್ಲಿ ಅದೇ ಹೆಸರು ಮತ್ತೆ ಮಾರುಕಟ್ಟೆಗೆ ಬಂದಿತಾದರೂ ಹೊಸತರದು ನಾಲ್ಕು ಸ್ಟ್ರೋಕಿನ ಎಂಜಿನು. ನಾವಿಲ್ಲಿ ಹೇಳುವ ಮಾತು ಹಳೆಯ ಎರಡು ಸ್ಟ್ರೋಕಿನ ಬಂಡಿಗೆ ಮಾತ್ರ ಸಂಬಂಧಿಸಿದ್ದು.

ಮೊದಲು ಲೆಕ್ಕವನ್ನು ನೋಡೋಣ. 250ರ ಬಂಡಿಯ ಸಿಲಿಂಡರಿನ ವ್ಯಾಸ 65 ಮಿ.ಮೀ., ಪಿಸ್ಟನ್ನಿನ ಓಟ 75 ಮಿ.ಮೀ. ಅಂದರೆ ಪಿಸ್ಟನ್ನು ಒಮ್ಮೆ ಏರಿದಾಗ ಸುಮಾರು 249 ಘನ ಸೆಂಟಿಮೀಟರಿನಷ್ಟು ಜಾಗವನ್ನು ಗುಡಿಸುತ್ತದೆ. ಮೇಲೆ ಹೆಡ್ಡಿನ ಗುಳಿಯಲ್ಲಿ 31 ಘ.ಸೆಂ.ಮೀ. ಜಾಗ ಉಳಿದಿದೆಯೆಂದು ಉದಾಹರಣೆಗೆ ಇಟ್ಟುಕೊಂಡರೆ, 280ರಷ್ಟು ಇದ್ದುದನ್ನು 31ಕ್ಕೆ ಅದುಮಿದಂತಾಯಿತು. ಒಂಬತ್ತಕ್ಕೆ ಒಂದರ ಪ್ರಮಾಣ. ಹೆಡ್ಡನ್ನು 1 ಮಿ.ಮೀ. ಸವೆಸಿದರೆ ಗುಳಿಯಿಂದ 3.3 ಘ.ಸೆಂ.ಮೀ. ಕಳೆಯುತ್ತದೆ, ಪ್ರಮಾಣ ಹತ್ತಕ್ಕೆ ಏರುತ್ತದೆ. ಉಗುರಿನ ದಪ್ಪದಷ್ಟು ಲೋಹ ತೆಗೆದುದಕ್ಕೆ ಇಷ್ಟು ಫಲ! ಎರಡು ಮಿಲಿಮೀಟರ್ ಎಂಬುದು ಬಾಯಿಮಾತಿಗೆ ಚಿಕ್ಕದು, ಎಂಜಿನಿಗೆ ಚಿಕ್ಕದಲ್ಲ.

ಹೆಚ್ಚು ಅದುಮಿದ ಮಿಶ್ರಣ ಹೆಚ್ಚು ಬಲದಿಂದ ಉರಿಯುವುದು ನಿಜ. ಆದರೆ ಅದುಮುವಿಕೆ ಮಿತಿ ಮೀರಿದರೆ ಕಿಡಿಯಿಂದ ಹೊರಟ ಜ್ವಾಲೆ ತಲುಪುವ ಮೊದಲೇ ಮೂಲೆಯಲ್ಲಿನ ಮಿಶ್ರಣ ತಾನಾಗಿ ಸಿಡಿಯುತ್ತದೆ. ಡಬ್ಬಿಯಲ್ಲಿ ಕಲ್ಲು ಕುಲುಕಿದಂತಹ ಆ ಸದ್ದನ್ನು ಮೆಕ್ಯಾನಿಕರು ನಾಕಿಂಗ್ ಎನ್ನುತ್ತಾರೆ. ಅದು ಮುಂದುವರಿದರೆ ಪಿಸ್ಟನ್ನಿನ ತಲೆ ತೂತಾಗುತ್ತದೆ, ಇಲ್ಲವೇ ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ.

ನಮ್ಮ ಬೆಟ್ಟದಲ್ಲಿ ಇನ್ನೊಂದು ಮೋಸವಿದೆ. ದಿಂಬಂ ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಿದೆ. ಅಷ್ಟು ಎತ್ತರದಲ್ಲಿ ಗಾಳಿಯ ಸಾಂದ್ರತೆ ಸುಮಾರು ಹತ್ತರಲ್ಲೊಂದು ಪಾಲು ಕಡಿಮೆಯಾಗುತ್ತದೆ. ಎಂಜಿನು ಸೊರಗುವುದೂ ಅದಕ್ಕಾಗಿಯೇ, ಸವೆಸಿದ ಹೆಡ್ಡು ಅಲ್ಲಿ ನಾಕ್ ಹೊಡೆಯದೆ ಸುಖವಾಗಿ ಓಡುವುದೂ ಅದಕ್ಕಾಗಿಯೇ. ಅದೇ ಬಂಡಿ ಕೆಳಗೆ ಬಣ್ಣಾರಿಯ ಸೆಕೆಗೆ, ದಟ್ಟ ಗಾಳಿಗೆ ಇಳಿದಾಗ ಅದರ ಸ್ವಭಾವ ಬದಲಾಗುತ್ತದೆ. ಮೇಲಿನ ಗಾಳಿಗೆ ಹೊಂದುವಂತೆ ಕಾರ್ಬುರೇಟರಿನಲ್ಲಿ ಚಿಕ್ಕ ಜೆಟ್ಟು ಹಾಕಿಸಿದ್ದರಂತೂ ಕೆಳಗೆ ಪೆಟ್ರೋಲು ಸಾಲದೆ ಕಾವು ಇನ್ನಷ್ಟು ಏರುತ್ತದೆ. ಈಗಿನ ಪೆಟ್ರೋಲಿನಲ್ಲಿ ಬೆರೆತಿರುವ ಶೇಕಡಾ 20ರವರೆಗಿನ ಎಥನಾಲ್ ಕೂಡ ಹಳೆಯ ಕಾರ್ಬುರೇಟರಿನ ಮಿಶ್ರಣವನ್ನು ತೆಳುವಾಗಿಸುತ್ತದೆಂಬುದನ್ನು ಮರೆಯಬಾರದು.

ಕೆಲವು ವರ್ಷಗಳ ಹಿಂದೆ ನಮ್ಮ ಬಂಧುಗಳೊಬ್ಬರು ಹೀಗೆಯೇ ಹೆಡ್ಡು ಸವೆಸಿದ ಬಂಡಿಯಲ್ಲಿ ಪತ್ನಿಯನ್ನು ಕೂರಿಸಿಕೊಂಡು ಘಾಟಿ ಇಳಿಯುತ್ತಿದ್ದರು. ಇಳಿಜಾರೆಂದು ಆಕ್ಸಿಲರೇಟರನ್ನು ಪೂರ್ತಿ ಮುಚ್ಚಿ, ಗೇರಿನಲ್ಲಿಯೇ ಬಂಡಿಯನ್ನು ಹಿಡಿದಿದ್ದರು. ಎರಡು ಸ್ಟ್ರೋಕಿನ ಎಂಜಿನಿಗೆ ಎಣ್ಣೆ ಬರುವುದು ಪೆಟ್ರೋಲಿನೊಡನೆ. ಪೆಟ್ರೋಲು ನಿಂತರೆ ಎಣ್ಣೆಯೂ ನಿಂತಂತೆ. ಇಪ್ಪತ್ತೇಳು ತಿರುವುಗಳಲ್ಲಿ ಅರ್ಧವೂ ಮುಗಿದಿರಲಿಲ್ಲ, ಪಿಸ್ಟನ್ನು ಕಚ್ಚಿಕೊಂಡು ಹಿಂದಿನ ಚಕ್ರ ನಿಂತೇಹೋಯಿತು. ಇಬ್ಬರೂ ಉರುಳಿಬಿದ್ದರು. ಪುಣ್ಯಕ್ಕೆ ಹಿಂದೆ ಲಾರಿ ಇರಲಿಲ್ಲ. ಆ ತಾಯಿಯ ಮಣಿಕಟ್ಟು ಇಂದಿಗೂ ಪೂರ್ತಿ ಮಡಚುವುದಿಲ್ಲ.

ಹಾಗಾದರೆ ಮಾಡಬೇಕಾದುದೇನು? ಮೊದಲು ಹೆಡ್ಡು ಬಿಚ್ಚಿಸಿ ಒಳಗಿನ ಮಸಿಯನ್ನು ಕೆರೆಸಿರಿ. ಹೊಗೆ ಹೊರಡುವ ಕಿಂಡಿಯನ್ನೂ ಸೈಲೆನ್ಸರನ್ನೂ ಶುಚಿಮಾಡಿಸಿರಿ. ಹಳೆಯ ಬಂಡಿ ಕಳೆದುಕೊಂಡ ಶಕ್ತಿಯ ಬಹುಪಾಲು ಅಲ್ಲಿಯೇ ಸಿಕ್ಕಿಬಿದ್ದಿರುತ್ತದೆ. ಮೂಟೆ ಎಳೆಯುವ ಬಲ ಬೇಕಾದರೆ ಎಂಜಿನಿನ ಕಡೆಯ ಚೈನ್ ಸ್ಪ್ರಾಕೆಟ್ಟಿನಲ್ಲಿ ಒಂದು ಹಲ್ಲು ಕಡಿಮೆಯಿರುವುದನ್ನು ಹಾಕಿಸಿರಿ. ವೇಗ ತುಸು ತಗ್ಗುತ್ತದೆ, ಏರು ಸಲೀಸಾಗುತ್ತದೆ. ಬೇಡವೆನಿಸಿದರೆ ಹಳೆಯದನ್ನೇ ಮತ್ತೆ ಹಾಕಬಹುದು. ಸವೆಸಿದ ಲೋಹವನ್ನು ಮರಳಿ ತರುವವರಾರು?

ಇಷ್ಟಾದರೂ ಹೆಡ್ಡು ಸವೆಸಲೇಬೇಕೆಂದಿದ್ದರೆ ಇನ್ನೊಂದು ಹಳೆಯ ಹೆಡ್ಡನ್ನು ಕೊಂಡು ಅದರ ಮೇಲೆ ಪ್ರಯೋಗ ಮಾಡಿರಿ, ಮೂಲದ್ದನ್ನು ಜೋಪಾನವಾಗಿಡಿರಿ. ಅರ್ಧ ಮಿಲಿಮೀಟರನ್ನು ದಾಟಬೇಡಿರಿ. ಜೋಡಿಸಿದ ಬಳಿಕ ಪ್ಲಗ್ಗಿನ ತೂತಿನಿಂದ ಬೆಸುಗೆಯ ಸೀಸದ ತಂತಿಯನ್ನು ಸಿಲಿಂಡರಿನ ಗೋಡೆಯವರೆಗೆ ತೂರಿಸಿ, ಕಿಕ್ಕರನ್ನು ಮೆಲ್ಲನೆ ಒಮ್ಮೆ ಒತ್ತಿ ಹೊರತೆಗೆಯಿರಿ. ಚಪ್ಪಟೆಯಾದ ತುದಿಯ ದಪ್ಪ 1 ಮಿ.ಮೀ.ಗಿಂತ ಕಡಿಮೆಯಿದ್ದರೆ ಪಿಸ್ಟನ್ನು ಹೆಡ್ಡಿಗೆ ಬಡಿಯುವ ಭಯವುಂಟು. ಜೆಟ್ಟನ್ನು ಕೆಳಗಿನ ಊರಿನ ಗಾಳಿಗೆ ಹೊಂದಿಸಿರಿ, ಮೇಲಿನದಕ್ಕಲ್ಲ. ಮೇಲೆ ತುಸು ಹೊಗೆಯಾಡಿದರೆ ಹಾನಿಯಿಲ್ಲ.

ಘಾಟಿ ಇಳಿಯುವಾಗ ಆಗಾಗ ಆಕ್ಸಿಲರೇಟರನ್ನು ತುಸು ತೆರೆದು ಎಂಜಿನಿಗೆ ಎಣ್ಣೆಯ ಗುಟುಕು ಕೊಡಿರಿ. ಎರಡು ಬೆರಳು ಸದಾ ಕ್ಲಚ್ಚಿನ ಮೇಲಿರಲಿ. ಎಂಜಿನು ಕಚ್ಚಿಕೊಂಡ ಕ್ಷಣವೇ ಕ್ಲಚ್ಚು ಒತ್ತಿದರೆ ಚಕ್ರ ಉರುಳುತ್ತದೆ, ಜೀವ ಉಳಿಯುತ್ತದೆ. 2013ರಿಂದ ಹುಲಿ ರಕ್ಷಿತಾರಣ್ಯವಾಗಿರುವ ಆ ಕಾಡಿನಲ್ಲಿ ಕೆಟ್ಟುನಿಂತ ಬಂಡಿಯ ಬಳಿ ಕತ್ತಲಾಗುವವರೆಗೆ ಕಾಯುವುದು ಯಾರಿಗೂ ಬೇಡ.

ಪತ್ರ ಬರೆದ ಸೋದರರೇ, ತಂದೆಯವರು ಆ ಬಂಡಿಯನ್ನು ಇಷ್ಟು ಕಾಲ ಓಡಿಸಿ ನಿಮ್ಮ ಕೈಗೆ ಒಪ್ಪಿಸಿದ್ದಾರೆ. ಅವರು ಅದರ ಏದುಸಿರನ್ನು ಅರಿತು ಗೇರು ಬದಲಿಸುತ್ತಿದ್ದರು, ಮೂಟೆ ಹೆಚ್ಚಾದ ದಿನ ಎರಡು ಸಲ ಹೋಗಿಬರುತ್ತಿದ್ದರು ಎಂದು ನೀವೇ ಬರೆದಿದ್ದೀರಿ. ಲೇತಿನ ಅಂಗಡಿಗೆ ಹೋಗುವ ಮುನ್ನ ಆ ಮಾತನ್ನು ಇನ್ನೊಮ್ಮೆ ಓದಿಕೊಳ್ಳಿರೆಂದು ನಮ್ಮ ವಿನಂತಿ.