ವಾರ್ಡಿಗೊಂದು ಸಭೆ ಬೇಡವೇ?



ನೀವು ಅಣ್ಣಿಗೇರಿಯವರೋ, ನವಲಗುಂದದವರೋ, ಕುಂದಗೋಳ, ಕಲಘಟಗಿಗಳ ಕಡೆಯವರೋ ಆಗಿದ್ದರೆ ತಮ್ಮಲ್ಲಿ ಒಂದು ಪ್ರಶ್ನೆಯನ್ನು ಕೇಳಬೇಕಾಗಿದೆ. ತಾವು ಎಷ್ಟನೆಯ ವಾರ್ಡಿನವರು? ಆ ವಾರ್ಡಿನ ಮೇರೆ ಎಲ್ಲಿ ಮೊದಲಾಗಿ ಎಲ್ಲಿ ಮುಗಿಯುತ್ತದೆ? ಮತ ಹಾಕುವ ದಿನವೊಂದನ್ನು ಬಿಟ್ಟರೆ, ಆ ವಾರ್ಡಿನ ಜನವೆಲ್ಲ ಒಂದೆಡೆ ಕುಳಿತು ತಮ್ಮ ಊರಿನ ಹಿತಾಹಿತವನ್ನು ಮಾತನಾಡಿದ್ದನ್ನು ತಾವು ಎಂದಾದರೂ ಕಣ್ಣಾರೆ ಕಂಡಿರುವಿರಾ?

ಓಣಿಯನ್ನು ಕೇಳಿದರೆ ಎಲ್ಲರೂ ಬಲ್ಲರು. ಓಣಿಗೆ ಹೆಸರುಂಟು, ಗುಡಿಯುಂಟು, ಗರಡಿಮನೆಯುಂಟು, ಭಜನಾ ಮಂಡಳಿಯುಂಟು, ಜಾತ್ರೆಯ ಪಟ್ಟಿ ಎತ್ತುವ ಹಿರಿಯರುಂಟು. ಈಚೆಗೆ ಅಂಗನವಾಡಿ ಬಂದಿದೆ, ನ್ಯಾಯಬೆಲೆ ಅಂಗಡಿ ಬಂದಿದೆ, ಹೆಣ್ಣುಮಕ್ಕಳ ಸ್ವಸಹಾಯ ಸಂಘಗಳು ಬಂದಿವೆ. ಆದರೆ ಇವೆಲ್ಲವನ್ನೂ ತನ್ನ ಮಡಿಲಲ್ಲಿ ಇಟ್ಟುಕೊಂಡ ವಾರ್ಡಿಗೆ ಏನುಂಟು? ಒಂದು ಅಂಕಿಯುಂಟು, ಒಂದು ಮತದಾರರ ಪಟ್ಟಿಯುಂಟು, ಐದು ವರ್ಷಕ್ಕೊಮ್ಮೆ ಕೈಮುಗಿದು ಬರುವ ಉಮೇದುವಾರನುಂಟು. ಅದಕ್ಕೊಂದು ಬಾಯಿ ಮಾತ್ರ ಇಲ್ಲ. ಬಾಯಿಲ್ಲದ ವಾರ್ಡು ಮತಗಳನ್ನು ಕಟ್ಟಿಡುವ ಚೀಲವಲ್ಲದೆ ಮತ್ತೇನು?

ಇದು ಬರಿಯ ಮಾತಿನ ಆಟವಲ್ಲ. ನಮ್ಮದು ಎರೆನೆಲದ ಸೀಮೆ. ನವಲಗುಂದ, ಅಣ್ಣಿಗೇರಿಗಳ ಕಡೆ ಬಾವಿ ತೋಡಿದರೆ ಬರುವುದು ಹೆಚ್ಚಾಗಿ ಸವುಳು ನೀರು. ಆದುದರಿಂದ ಮಲಪ್ರಭೆಯ ಕಾಲುವೆಯಿಂದ ಕೆರೆ ತುಂಬಿ, ಆ ಕೆರೆಯಿಂದ ನಳಕ್ಕೆ ನೀರು ಬರಬೇಕು. ನವಲಗುಂದದ ನೀಲಮ್ಮನ ಕೆರೆ, ಚನ್ನಮ್ಮನ ಕೆರೆಗಳ ಹೆಸರನ್ನು ಅಲ್ಲಿನ ಕೂಸೂ ಬಲ್ಲುದು. ಕಾಲುವೆಯ ನೀರು ದಿನವೂ ಹರಿಯುವುದಲ್ಲ. ಕೆರೆಯಲ್ಲಿ ಇದ್ದಷ್ಟನ್ನೇ ಅಳೆದು ಹಂಚಬೇಕು. ಹಾಗಾದರೆ ಯಾವ ಓಣಿಗೆ ಮೊದಲು, ಯಾವ ಓಣಿಗೆ ಕಡೆಗೆ, ಯಾರ ಮನೆಯ ಮುಂದಿನ ಕೊಳವೆ ದಪ್ಪ, ಯಾರದು ಸಣ್ಣದು ಎಂಬುದನ್ನು ನಿರ್ಣಯಿಸುವವರು ಯಾರು? ನೀರು ಬಿಡುವ ನೌಕರನೇ? ಸದಸ್ಯರೇ? ಮುಖ್ಯಾಧಿಕಾರಿಗಳೇ? ಯಾರೇ ಆಗಲಿ, ಕೊಡ ಹಿಡಿದು ಕಾಯುವ ತಾಯಂದಿರನ್ನು ಕೂಡಿಸಿ ಕೇಳಿ ನಿರ್ಣಯಿಸಬೇಕೆಂದು ಪಟ್ಟಣದ ಕಾನೂನಿನಲ್ಲಿ ಕಟ್ಟುನಿಟ್ಟಾದ ನಿಯಮವಿಲ್ಲ. ನಮ್ಮ ತಕರಾರು ಇದೇ.

ಕಾನೂನಿನ ವಿಚಿತ್ರವನ್ನು ತಾವು ಗಮನಿಸಬೇಕು. ಅಣ್ಣಿಗೇರಿಯ ಮಗ್ಗುಲಲ್ಲಿರುವ ಯಾವುದೇ ಹಳ್ಳಿಗೆ ಹೋಗಿರಿ. 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯದೆಯ ಮೇರೆಗೆ ಅಲ್ಲಿ ಗ್ರಾಮಸಭೆಯುಂಟು. ಅದರ ಕೆಳಗೆ ಆರು ತಿಂಗಳಿಗೊಮ್ಮೆಯಾದರೂ ಕೂಡಬೇಕಾದ ವಾರ್ಡ್ ಸಭೆಯೂ ಉಂಟು. ಮನೆ ಯಾರಿಗೆ ಸಿಗಬೇಕು, ಗಟಾರ ಎಲ್ಲಿ ಆಗಬೇಕು ಎಂದು ಹಳ್ಳಿಯ ಕೂಲಿಯಾಳು ಎದ್ದು ನಿಂತು ಕೇಳಬಹುದು. ಇನ್ನು ಹುಬ್ಬಳ್ಳಿ-ಧಾರವಾಡಕ್ಕೆ ಹೋಗಿರಿ. 82 ವಾರ್ಡುಗಳ ಆ ಮಹಾನಗರಕ್ಕೆ ಸಂವಿಧಾನವೇ ವಾರ್ಡ್ ಸಮಿತಿಯ ಆಸರೆ ಕೊಟ್ಟಿದೆ. 1993ರ ಜೂನ್ 1ರಂದು ಜಾರಿಗೆ ಬಂದ 74ನೆಯ ತಿದ್ದುಪಡಿಯ 243-ಎಸ್ ವಿಧಿಯು, ಮೂರು ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟ ಜನಸಂಖ್ಯೆಯ ಪೌರಸಂಸ್ಥೆಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು ವಿಧಿಸಿತು.

ಹಳ್ಳಿಗೆ ಉಂಟು, ಮಹಾನಗರಕ್ಕೆ ಉಂಟು. ನಡುವಿನ ಪಟ್ಟಣಕ್ಕೆ? ಮೂರು ಲಕ್ಷದ ಹತ್ತನೆಯ ಒಂದು ಪಾಲೂ ಇಲ್ಲದ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಗಳಿಗೆ ಆ ವಿಧಿಯ ನೆರಳು ತಾಕುವುದಿಲ್ಲ. ಹಳ್ಳಿಯೊಂದು ಬೆಳೆದು ಪಟ್ಟಣ ಪಂಚಾಯತಿಯಾದ ದಿನ ಊರವರು ಹಾರ ಹಾಕಿ ಸಂಭ್ರಮಿಸುತ್ತಾರೆ. ಆ ದಿನವೇ ತಮ್ಮ ಗ್ರಾಮಸಭೆಯನ್ನು ಕಳೆದುಕೊಂಡೆವೆಂಬ ಅರಿವು ಒಬ್ಬರಿಗೂ ಇರುವುದಿಲ್ಲ. ಬೆಳೆದ ಮಗನ ಬಾಯಿಗೆ ಬೀಗ ಹಾಕುವ ತಂದೆಯನ್ನು ಎಲ್ಲಿಯಾದರೂ ಕಂಡಿರುವಿರಾ?

“ನಮ್ಮದು ಸಣ್ಣ ಊರು, ಎಲ್ಲರೂ ಎಲ್ಲರನ್ನೂ ಬಲ್ಲರು, ಸದಸ್ಯರ ಮನೆ ಬಾಗಿಲು ಯಾವಾಗಲೂ ತೆರೆದಿರುತ್ತದೆ, ಸಭೆ ಏಕೆ?” ಎಂದು ಕೆಲವರು ಕೇಳುವರು. ಇದು ಮೇಲ್ನೋಟಕ್ಕೆ ಸೊಗಸಾದ ಮಾತು, ಒಳಗೆ ಪೊಳ್ಳು. ಪರಿಚಯದಿಂದ ದೊರೆಯುವುದು ಉಪಕಾರ, ಹಕ್ಕಲ್ಲ. ಉಪಕಾರ ಪಡೆದವನು ತಲೆ ತಗ್ಗಿಸಬೇಕು, ಹಕ್ಕು ಪಡೆದವನು ತಲೆ ಎತ್ತಬಹುದು. ಸದಸ್ಯರ ಮನೆಗೆ ಹೋಗಲು ಧೈರ್ಯವುಳ್ಳವನ ಗಟಾರ ಆಗುವುದು. ಊರ ಕಡೆಯ ಓಣಿಯ ವಿಧವೆಯ ಗಟಾರ ಆಗದು. ಮತ್ತೆ ಕೆಲವರು, “ಸಭೆ ಕೂಡಿಸಿದರೆ ಜಗಳವಾದೀತು” ಎನ್ನುವರು. ಜಗಳ ಈಗ ಇಲ್ಲವೇ? ನಳದ ಮುಂದೆ ನಡೆಯುವ ಜಗಳವನ್ನು ಸಭೆಗೆ ತಂದರೆ ಅದಕ್ಕೊಂದು ತೀರ್ಮಾನವಾದರೂ ಸಿಕ್ಕೀತು.

ಇನ್ನೊಂದು ಸಂಗತಿಯನ್ನೂ ಮರೆಮಾಚದೆ ಹೇಳಬೇಕು. ಮೀಸಲಾತಿಯಿಂದ ತಾಯಂದಿರು ಪುರಸಭೆಗೆ ಆರಿಸಿ ಬಂದರು. ಅದು ಸಂತೋಷದ ವಿಷಯ. ಆದರೆ ಎಷ್ಟೋ ಕಡೆ ಸದಸ್ಯೆಯ ಕುರ್ಚಿಯ ಹಿಂದೆ ಆಕೆಯ ಪತಿಯೋ ಮೈದುನನೋ ನಿಂತು ಮಾತನಾಡುವುದನ್ನು ನಾವೆಲ್ಲ ಕಂಡೂ ಕಾಣದವರಂತೆ ಇದ್ದೇವೆ. ಕಚೇರಿಯ ಕೋಣೆಯಲ್ಲಿ ಇದು ನಡೆದೀತು. ನೂರು ಜನ ಓಣಿಯವರ ಮುಂದೆ, “ಅಕ್ಕಾ, ನೀವೇ ಹೇಳಿರಿ” ಎಂದು ಕೇಳುವ ಸಭೆಯಲ್ಲಿ ನಡೆಯದು. ಹೆಣ್ಣುಮಗಳಿಗೆ ಸಂವಿಧಾನ ಕೊಟ್ಟ ಸ್ಥಾನವನ್ನು ನಿಜವಾಗಿಯೂ ಆಕೆಯದನ್ನಾಗಿ ಮಾಡುವ ಶಕ್ತಿ ವಾರ್ಡ್ ಸಭೆಗುಂಟು.

ಆಯ್ಕೆಯಾದವರೇ ಸಾಕು ಎನ್ನುವವರು ಈಚಿನ ವರ್ಷಗಳನ್ನು ಸ್ಮರಿಸಲಿ. ರಾಜ್ಯದ ಎಷ್ಟೋ ಪೌರಸಂಸ್ಥೆಗಳಿಗೆ 2018ರಲ್ಲಿ ಚುನಾವಣೆಯಾದರೂ ಮೀಸಲಾತಿಯ ವ್ಯಾಜ್ಯದಿಂದಾಗಿ ಅಧ್ಯಕ್ಷರ ಆಯ್ಕೆಗೆ 2020ರ ಕೊನೆಯ ತಿಂಗಳುಗಳವರೆಗೆ ಕಾಯಬೇಕಾಯಿತು. ಹುಬ್ಬಳ್ಳಿ-ಧಾರವಾಡ ಪಾಲಿಕೆಯ ಅವಧಿ 2019ರಲ್ಲಿ ಮುಗಿದರೂ ಚುನಾವಣೆ ನಡೆದುದು 2021ರ ಸೆಪ್ಟೆಂಬರಿನಲ್ಲಿ. ಮಹಾಪೌರರು ಪೀಠವೇರಿದುದು 2022ರ ಮೇ ತಿಂಗಳಿನಲ್ಲಿ. ಅಷ್ಟು ಕಾಲ ಆಡಳಿತಾಧಿಕಾರಿಯೇ ದೊರೆ. ಪುರಪಿತೃಗಳಿಲ್ಲದ ಕಾಲದಲ್ಲಿ ಜನ ಯಾರನ್ನು ಕೇಳಬೇಕು? ವಾರ್ಡಿಗೆ ತನ್ನದೇ ಸಭೆಯಿದ್ದರೆ ಸದಸ್ಯರಿರಲಿ, ಇಲ್ಲದಿರಲಿ, ಕೇಳುವ ಬಾಯಿ ಇರುತ್ತಿತ್ತು.

ಇದು ಪರದೇಶದಿಂದ ತಂದ ಹೊಸ ವಿಚಾರವೆಂದು ತಾವು ಭಾವಿಸಬಾರದು. ಕುಂದಗೋಳದಿಂದ ಬಹುದೂರವಲ್ಲದ ಲಕ್ಷ್ಮೇಶ್ವರದಲ್ಲಿ, ಅಂದಿನ ಪುರಿಗೆರೆಯಲ್ಲಿ, ಎಂಟನೆಯ ಶತಮಾನದ ಮೊದಲ ಭಾಗದಲ್ಲಿ ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನು ಒಂದು ಶಾಸನ ಬರೆಸಿದನು. ಅದು ಭೂಮಿಯ ದಾನಪತ್ರವಲ್ಲ. ಊರ ಮಹಾಜನರು, ನಗರದವರು, ಹದಿನೆಂಟು ಪ್ರಕೃತಿಗಳು ಇವರಿಗೆ ಅರಸನ ಅಧಿಕಾರಿಗಳು ನಡೆದುಕೊಳ್ಳಬೇಕಾದ ರೀತಿ ಯಾವುದು, ಊರವರು ಸಲ್ಲಿಸಬೇಕಾದ ತೆರಿಗೆ ಯಾವುದು ಎಂಬ ಕಟ್ಟಳೆಯ ಪತ್ರ. ಅರಸೊತ್ತಿಗೆಯ ಕಾಲದಲ್ಲಿಯೇ ಅಧಿಕಾರಿಯ ಕೈಯನ್ನು ಕಟ್ಟಳೆಯಿಂದ ಕಟ್ಟಿದ ನಾಡಿದು. ಕಲ್ಯಾಣದ ಶರಣರು ಒಂದೇ ನೆಲಹಾಸಿನ ಮೇಲೆ ಎಲ್ಲ ಕಾಯಕದವರನ್ನೂ ಕೂಡಿಸಿದುದು ಆನಂತರದ ಮಾತು. 1980ರ ಜುಲೈ 21ರಂದು ಇದೇ ನವಲಗುಂದದಲ್ಲಿ ಮಲಪ್ರಭಾ ಅಚ್ಚುಕಟ್ಟಿನ ಅಭಿವೃದ್ಧಿ ಕರವನ್ನು ಪ್ರಶ್ನಿಸಿದ ರೈತರು ಪೊಲೀಸರ ಗುಂಡನ್ನು ಎದುರಿಸಿದರು. ಹೊಲದ ನೀರಿನ ಲೆಕ್ಕ ಕೇಳಲು ಪ್ರಾಣ ತೆತ್ತ ಊರು ಕುಡಿಯುವ ನೀರಿನ ಲೆಕ್ಕ ಕೇಳಲು ಒಂದು ಸಭೆಯನ್ನೂ ಕೂಡಿಸಲಾರದೇ?

ಸರಕಾರ ಮನಸ್ಸು ಮಾಡಿದರೆ ದಾರಿಯೂ ಉಂಟು. ಮೂರು ಲಕ್ಷದ ಆ 243-ಎಸ್ ವಿಧಿಯೇ, ರಾಜ್ಯದ ಶಾಸನಸಭೆಯು ಬೇರೆ ಸಮಿತಿಗಳನ್ನು ರಚಿಸಲು ಅಡ್ಡಿಯಿಲ್ಲವೆಂದು ಹೇಳಿದೆ. ನೆರೆಯ ಕೇರಳವು 1994ರ ತನ್ನ ಪೌರಸಂಸ್ಥೆಗಳ ಕಾಯದೆಯಲ್ಲಿ, ಒಂದು ಲಕ್ಷವನ್ನು ಮೀರದ ಪಟ್ಟಣಗಳಿಗೆ ವಾರ್ಡ್ ಸಭೆಯನ್ನು ಒದಗಿಸಿದೆ. ಆದುದರಿಂದ ಕಾಸರಗೋಡು ಪಟ್ಟಣದ ನಮ್ಮ ಕನ್ನಡ ಬಂಧುವಿಗೆ ಆ ಸಭೆಯಲ್ಲಿ ಕುಳಿತುಕೊಳ್ಳುವ ಹಕ್ಕುಂಟು. ಆದಿಕವಿ ಪಂಪನ ಅಣ್ಣಿಗೇರಿಯಲ್ಲಿರುವ ಕನ್ನಡಿಗನಿಗೆ ಇಲ್ಲ. ಕನ್ನಡ ನಾಡಿನ ಶಾಸಕರು ಇದಕ್ಕೆ ಏನುತ್ತರ ಕೊಡುವರು?

ಆದರೆ ಎಲ್ಲವನ್ನೂ ಸರಕಾರದ ಮೇಲೆ ಹೊರಿಸಿ ನಾವು ಕೈ ತೊಳೆದುಕೊಳ್ಳಬಾರದು. ನಮ್ಮ ತಪ್ಪೂ ದೊಡ್ಡದಿದೆ. ಮನೆಯ ಕರ ಕಟ್ಟದೆ ಬೀದಿಯ ದೀಪ ಕೇಳುವೆವು. ಪುರಸಭೆಯವರು ಆಯವ್ಯಯದ ಪೂರ್ವಭಾವಿ ಸಭೆ ಕರೆದಾಗ ಕುರ್ಚಿಗಳು ಖಾಲಿ ಉಳಿಯುವವು. ಜಾತ್ರೆಯ ಪಟ್ಟಿಯ ಲೆಕ್ಕವನ್ನು ಪೈಸೆಗೆ ಪೈಸೆ ಕೇಳುವ ನಾವು, ನಮ್ಮ ಓಣಿಯ ರಸ್ತೆಗೆ ಬಂದ ಹಣದ ಲೆಕ್ಕವನ್ನು ಎಂದಾದರೂ ಕೇಳಿದೆವೇ? ಮಠಮಾನ್ಯಗಳೂ ತಮ್ಮನ್ನು ಕೇಳಿಕೊಳ್ಳಬೇಕು: ಉತ್ಸವಕ್ಕೆ ತೆರೆದ ಪ್ರಾಂಗಣವನ್ನು ಊರ ಮಾತಿಗೆ ಏಕೆ ತೆರೆಯಬಾರದು?

ಕಾನೂನು ಬರುವ ದಾರಿ ಕಾಯುವುದು ಬೇಡ. ವರ್ಷಕ್ಕೆ ಎರಡು ಸಲ, ಗುಡಿಯ ಕಟ್ಟೆಯಲ್ಲಾಗಲಿ ಶಾಲೆಯ ಅಂಗಳದಲ್ಲಾಗಲಿ ಮಠದ ಆವಾರದಲ್ಲಾಗಲಿ, ವಾರ್ಡಿನ ಎಲ್ಲ ಓಣಿಗಳವರೂ, ಎಲ್ಲ ಜಾತಿ ಮತಗಳವರೂ, ಹೆಣ್ಣುಮಕ್ಕಳು ಮುಂದಿನ ಸಾಲಿನಲ್ಲಿ ಕುಳಿತು ಕೂಡಲಿ. ಸದಸ್ಯರನ್ನೂ ಮುಖ್ಯಾಧಿಕಾರಿಗಳನ್ನೂ ಗೌರವದಿಂದ ಕರೆಯಿರಿ. ನೀರು ಬಿಡುವ ದಿನಗಳ ಪಟ್ಟಿಯನ್ನೂ ವಾರ್ಡಿಗೆ ಬಂದ ಹಣದ ಲೆಕ್ಕವನ್ನೂ ಗೋಡೆಗೆ ಅಂಟಿಸಲು ಕೇಳಿರಿ. ಕೇಳಿದುದನ್ನು, ಅವರು ಒಪ್ಪಿದುದನ್ನು ಒಂದು ವಹಿಯಲ್ಲಿ ಬರೆದಿಡಿರಿ. ಆರು ತಿಂಗಳ ಮೇಲೆ ಅದೇ ವಹಿಯನ್ನು ತೆರೆದು ಓದಿರಿ.

ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಬಂದವರ ಮುಂದೆ ಆ ವಹಿಯನ್ನು ಇಡಿರಿ. ಅದನ್ನು ಓದಿ ಉತ್ತರ ಹೇಳಬಲ್ಲವರಿಗೆ ಮಾತ್ರ ಮತ ಕೊಡಿರಿ.