ಕೊನೆಯ ಓವರಿನ ತಪ್ಪನ್ನು ಕೊನೆಯ ಓವರಿನಲ್ಲೇ ಹುಡುಕಬೇಡಿ

ಮಾನ್ಯ ಸಂಪಾದಕರಿಗೆ,

ಕೊನೆಯ ಓವರಿನಲ್ಲಿ ಪಂದ್ಯ ಸೋತ ಮರುದಿನ ಪತ್ರಿಕೆಗಳ ಕ್ರೀಡಾಪುಟದಲ್ಲಿ ಒಂದೇ ಪ್ರಶ್ನೆ ದಪ್ಪ ಅಕ್ಷರದಲ್ಲಿ ಬರುತ್ತದೆ: ಆ ಓವರನ್ನು ಅವನಿಗೇ ಏಕೆ ಕೊಟ್ಟರು? ಬೆಳಿಗ್ಗೆ ಅಚ್ಚಾದ ಪ್ರಶ್ನೆ ಗಂಗಾವತಿಯ ಚಹಾದಂಗಡಿಗೂ ಕುಷ್ಟಗಿಯ ಬಸ್ ನಿಲ್ದಾಣಕ್ಕೂ ಮುಟ್ಟುವಷ್ಟರಲ್ಲಿ ತೀರ್ಪಾಗಿರುತ್ತದೆ. ನಾಯಕನಿಗೆ ಬುದ್ಧಿ ಇಲ್ಲ, ಬೌಲರ್‌ಗೆ ಎದೆ ಇಲ್ಲ, ಇಲ್ಲವಾದರೆ ಇಬ್ಬರೂ ದುಡ್ಡು ತಿಂದಿದ್ದಾರೆ! ನಮ್ಮ ಭಾಗದ ಟೆನಿಸ್ ಬಾಲ್ ಟೂರ್ನಿಗಳಲ್ಲಿ ಬಹುಕಾಲದಿಂದ ಸ್ಕೋರ್ ಬರೆಯುತ್ತ ಬಂದಿರುವ ನನಗೆ ಈ ತೀರ್ಪು ಸುತರಾಂ ಒಪ್ಪಿಗೆಯಿಲ್ಲ.

ಸ್ಪಿನ್ನರ್‌ಗೆ ಕೊನೆಯ ಓವರ್ ಕೊಡಲೇಬಾರದು ಎನ್ನುವವರು ನಮ್ಮ ರಾಜ್ಯ ತಂಡದ ಎರಡು ಫೈನಲ್‌ಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಎರಡೂ ಸೈಯದ್ ಮುಷ್ತಾಕ್ ಅಲಿ ಟ್ರೋಫಿಯವು, ಎರಡರಲ್ಲೂ ಎದುರಾಳಿ ತಮಿಳುನಾಡು, ಎರಡರಲ್ಲೂ ನಾಯಕ ಮನೀಷ್ ಪಾಂಡೆ. 2019ರ ಡಿಸೆಂಬರ್ 1ರಂದು ಸೂರತ್‌ನಲ್ಲಿ ಕರ್ನಾಟಕ 180 ರನ್ ಹೊಡೆದಿತ್ತು. ಕೊನೆಯ ಓವರಿನಲ್ಲಿ ತಮಿಳುನಾಡಿಗೆ 13 ರನ್ ಬೇಕು. ಪಾಂಡೆ ಚೆಂಡು ಕೊಟ್ಟದ್ದು ಆಫ್‌ಸ್ಪಿನ್ನರ್ ಕೃಷ್ಣಪ್ಪ ಗೌತಮ್‌ಗೆ. ಮೊದಲೆರಡು ಎಸೆತಗಳನ್ನೂ ಅಶ್ವಿನ್ ಬೌಂಡರಿಗೆ ಅಟ್ಟಿದರು. ಉಳಿದ ನಾಲ್ಕು ಎಸೆತಗಳಲ್ಲಿ ಐದು ರನ್ ಸಾಕಿತ್ತು. ಗೌತಮ್ ಮೂರೇ ಕೊಟ್ಟರು. ಐದನೇ ಎಸೆತದಲ್ಲಿ ವಿಜಯ್ ಶಂಕರ್ ರನೌಟ್ ಆದರು, ನಾವು ಒಂದು ರನ್‌ನಿಂದ ಗೆದ್ದೆವು. ಮರುದಿನ ಪಾಂಡೆ ಚಾಣಾಕ್ಷ ನಾಯಕ.

2021ರ ನವೆಂಬರ್ 22, ದೆಹಲಿ. ನಾವು ಹೊಡೆದದ್ದು 151. ಕೊನೆಯ ಓವರಿನಲ್ಲಿ ಅವರಿಗೆ 16 ರನ್ ಬೇಕು. ಈ ಸಲ ಎಡಗೈ ಸ್ಪಿನ್ನರ್ ಪ್ರತೀಕ್ ಜೈನ್ ಕೈಗೆ ಚೆಂಡು. ಕೊನೆಯ ಎಸೆತಕ್ಕೆ ಐದು ರನ್ ಉಳಿದಿತ್ತು. ಶಾರುಖ್ ಖಾನ್ ಸಿಕ್ಸರ್ ಎತ್ತಿದರು, ಕಪ್ ಅವರ ಪಾಲಾಯಿತು. ಸೂರತ್‌ನಲ್ಲಿ 13 ರನ್ ಕಾಯಲು ಸ್ಪಿನ್ನರ್‌ನನ್ನು ನಂಬಿದ್ದು ಜಾಣತನವಾದರೆ, ದೆಹಲಿಯಲ್ಲಿ 16 ರನ್ ಕಾಯಲು ನಂಬಿದ್ದು ಮೂರ್ಖತನ ಹೇಗಾದೀತು? ಆ ಕಡೆಯ ಎಸೆತದಲ್ಲಿ ಮೂರೇ ರನ್ ಬಂದಿದ್ದರೆ ಪಾಂಡೆಗೆ ಮತ್ತೆ ಅದೇ ಹೊಗಳಿಕೆ ಸಿಗುತ್ತಿತ್ತು. ಚೆಂಡು ಕೊಟ್ಟ ಗಳಿಗೆಯಲ್ಲಿ ನಾಯಕನಿಗೆ ಏನು ಗೊತ್ತಿತ್ತು ಎಂಬುದನ್ನು ತೂಗಿ ಮಾತಾಡಬೇಕೇ ಹೊರತು, ಚೆಂಡು ಎಲ್ಲಿ ಬಿತ್ತು ಎಂದು ನೋಡಿ ಅಲ್ಲ.

ಆರ್‌ಸಿಬಿ ಅಭಿಮಾನಿಗಳಿಗೆ 2016ರ ಐಪಿಎಲ್ ಫೈನಲ್ ಇನ್ನೂ ಹಸಿ ಗಾಯ. ಚಿನ್ನಸ್ವಾಮಿ ಅಂಗಳದಲ್ಲಿ ಹೈದರಾಬಾದ್ ಇನಿಂಗ್ಸ್‌ನ ಕೊನೆಯ ಓವರಿನಲ್ಲಿ ಶೇನ್ ವಾಟ್ಸನ್ 24 ರನ್ ಕೊಟ್ಟರು, ತಂಡ 8 ರನ್‌ನಿಂದ ಸೋತಿತು. ಅಂದು ವಾಟ್ಸನ್ ಮೊದಲಿಂದಲೂ ಹೊಡೆತ ತಿನ್ನುತ್ತಿದ್ದರು, ಆದ್ದರಿಂದ ಅವರಿಗೇ ಏಕೆ ಎಂದು ಕೇಳುವುದು ನ್ಯಾಯವೇ. ಆದರೆ ಆ ಋತುವಿನಲ್ಲಿ ಅವರು 20 ವಿಕೆಟ್ ಕಿತ್ತವರು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ಇನ್ನು 2025ರ ಜೂನ್ 3ರಂದು ಅಹಮದಾಬಾದ್‌ನಲ್ಲಿ ಆರ್‌ಸಿಬಿ ಮೊದಲ ಬಾರಿ ಕಪ್ ಎತ್ತಿತಲ್ಲ, ಅಂದು ಕೊನೆಯ ಓವರಿನಲ್ಲಿ ಜೋಶ್ ಹ್ಯಾಜಲ್‌ವುಡ್ ಕೊಟ್ಟದ್ದು 22 ರನ್! ವಾಟ್ಸನ್‌ಗಿಂತ ಎರಡೇ ಕಡಿಮೆ. ಯಾರೂ ಅವರನ್ನು ಬೈಯಲಿಲ್ಲ, ಬೈಯಬೇಕಾಗಿಯೂ ಇರಲಿಲ್ಲ. ಪಂಜಾಬ್‌ಗೆ ಬೇಕಿದ್ದದ್ದು 29. ಆ ಅಂತರ ಕೂಡಿಬಂದದ್ದು ಕೃಣಾಲ್ ಪಾಂಡ್ಯ ನಾಲ್ಕು ಓವರಿನಲ್ಲಿ ಬರೀ 17 ರನ್ ಕೊಟ್ಟು ಎರಡು ವಿಕೆಟ್ ತೆಗೆದಾಗ, ಮತ್ತು 17ನೇ ಓವರಿನಲ್ಲಿ ಭುವನೇಶ್ವರ್ ಕುಮಾರ್ ಇಬ್ಬರನ್ನು ಔಟ್ ಮಾಡಿದಾಗ. ನಾಯಕ ರಜತ್ ಪಾಟೀದಾರ್ ಭುವನೇಶ್ವರ್‌ರ ಆ ಓವರನ್ನು ಕೊನೆಗೆಂದು ಮುಚ್ಚಿಟ್ಟಿದ್ದರೆ ಏನಾಗುತ್ತಿತ್ತೋ.

ಟಿ20ಯಲ್ಲಿ ಒಬ್ಬ ಬೌಲರ್‌ಗೆ ನಾಲ್ಕೇ ಓವರ್. 14ನೇ ಓವರಿನಲ್ಲಿ ವಿಕೆಟ್ ಬೇಕೆಂದು ಒಳ್ಳೆಯವನನ್ನು ಕರೆದರೆ 20ನೇ ಓವರಿಗೆ ಅವನಿಲ್ಲ. ಕೊನೆಯ ಓವರಿನ ನಿರ್ಧಾರ ಬಹುಪಾಲು ಐದಾರು ಓವರ್ ಹಿಂದೆಯೇ ಆಗಿಹೋಗಿರುತ್ತದೆ. 2018ರ ನಿದಹಾಸ್ ಟ್ರೋಫಿ ಫೈನಲ್‌ನಲ್ಲಿ ಭಾರತದ ಎದುರು ಬಾಂಗ್ಲಾದೇಶದ ನಾಯಕ ಶಕೀಬ್ 18ನೇ ಓವರನ್ನು ಮುಸ್ತಫಿಜುರ್‌ಗೆ ಕೊಟ್ಟರು. ಬಂದದ್ದು ಒಂದೇ ರನ್, ಹೋದದ್ದು ನಮ್ಮ ಮನೀಷ್ ಪಾಂಡೆಯ ವಿಕೆಟ್. ಅದನ್ನು ತಪ್ಪೆನ್ನುವವರು ಯಾರು? ಆದರೂ 19ನೇ ಓವರಿನಲ್ಲಿ ದಿನೇಶ್ ಕಾರ್ತಿಕ್ ರುಬೆಲ್‌ಗೆ 22 ಚಚ್ಚಿದರು. ಕೊನೆಯ ಓವರ್ ಅರೆಕಾಲಿಕ ಬೌಲರ್ ಸೌಮ್ಯ ಸರ್ಕಾರ್ ಪಾಲಿಗೆ ಬಂತು, ಕಡೆಯ ಎಸೆತದ ಸಿಕ್ಸರ್‌ಗೆ ಪಂದ್ಯ ಹೋಯಿತು.

ಅಮೆರಿಕದ ಬೇಸ್‌ಬಾಲ್‌ನಲ್ಲೂ ಇದೇ ಜಗಳ. 2020ರ ವರ್ಲ್ಡ್ ಸೀರೀಸ್‌ನ ಆರನೇ ಪಂದ್ಯದಲ್ಲಿ ಟ್ಯಾಂಪಾ ಬೇ ತಂಡದ ಮ್ಯಾನೇಜರ್ ಕೆವಿನ್ ಕ್ಯಾಶ್, 73 ಎಸೆತಗಳಲ್ಲಿ ಎರಡೇ ಹಿಟ್ ಕೊಟ್ಟಿದ್ದ ಬ್ಲೇಕ್ ಸ್ನೆಲ್‌ರನ್ನು ಹೊರಗೆ ಕರೆದರು. ಅಲ್ಲಿ ಒಮ್ಮೆ ಹೊರಬಂದ ಆಟಗಾರ ಮತ್ತೆ ಒಳಗೆ ಹೋಗುವಂತಿಲ್ಲ. ಪಂದ್ಯವೂ ಹೋಯಿತು, ಪ್ರಶಸ್ತಿಯೂ ಹೋಯಿತು. ಅಲ್ಲಿನವರು ಕ್ಯಾಶ್‌ರನ್ನು ಬೈದದ್ದರಲ್ಲಿ ಒಂದು ಹುರುಳಿತ್ತು: ಚೆನ್ನಾಗಿ ಎಸೆಯುತ್ತಿದ್ದವನನ್ನು ಏಕೆ ನಿಲ್ಲಿಸಿದಿರಿ ಎಂಬ ಪ್ರಶ್ನೆಯನ್ನು ಫಲಿತಾಂಶ ಬರುವ ಮೊದಲೇ ಕೇಳಬಹುದಿತ್ತು.

ನಾನಿಷ್ಟು ಬಿಸಿಯಾಗಿ ಬರೆಯುತ್ತಿರುವುದು ಟಿವಿಯಲ್ಲಿ ಕಾಣುವ ತಾರೆಯರಿಗಾಗಿ ಅಲ್ಲ. ಅವರಿಗೆ ಮುಂದಿನ ಪಂದ್ಯ ಇದ್ದೇ ಇರುತ್ತದೆ. ಗಂಗಾವತಿ ಕಡೆ ಭತ್ತ ಕಟಾವಾದ ಗದ್ದೆಯಲ್ಲಿ, ಯಲಬುರ್ಗಾ, ಕುಷ್ಟಗಿ ಕಡೆ ಖಾಲಿ ಬಿದ್ದ ಹೊಲದಲ್ಲಿ ನಡೆಯುವ ಎಂಟು ಓವರಿನ ಪಂದ್ಯಗಳಿಗೂ ಈ ಚಾಳಿ ಇಳಿದಿದೆ. ಒಬ್ಬನಿಗೆ ಎರಡೇ ಓವರ್ ಎಂಬ ನಿಯಮವಿರುವಲ್ಲಿ ಕೊನೆಯ ಓವರ್ ಎಷ್ಟೋ ಸಲ ತಂಡದ ಕಿರಿಯವನ ಪಾಲಿಗೆ ಬೀಳುತ್ತದೆ. ಹಿರಿಯರು ಹೊಸ ಚೆಂಡಿನಲ್ಲಿ ತಮ್ಮ ಓವರ್ ಮುಗಿಸಿಕೊಂಡಿರುತ್ತಾರೆ. ಯಲಬುರ್ಗಾ ಕಡೆಯ ಒಂದೂರಿನ ಫೈನಲ್‌ನಲ್ಲಿ ಹಾಗೆ ಚೆಂಡು ಹಿಡಿದ ಹುಡುಗನಿಗೆ ಎರಡು ಸಿಕ್ಸರ್ ಬಿದ್ದವು. ಮೈಕ್ ಹಿಡಿದವನು ಇಡೀ ಊರಿಗೆ ಕೇಳುವಂತೆ ‘ಎಷ್ಟು ತಗೊಂಡಿಯೋ ತಮ್ಮಾ?’ ಎಂದ. ಜನ ನಕ್ಕರು. ನನ್ನ ಪುಸ್ತಕದಲ್ಲಿ ಅದೇ ಹುಡುಗನ ಮೊದಲ ಓವರಿಗೆ ನಾಲ್ಕು ರನ್ ಬರೆದಿತ್ತು, ಎದುರು ತಂಡವನ್ನು ಅಷ್ಟರಮಟ್ಟಿಗೆ ಕಟ್ಟಿಹಾಕಿದವನು ಅವನೇ. ಅದನ್ನು ಮೈಕಿನಲ್ಲಿ ಯಾರೂ ಓದಲಿಲ್ಲ.

ಆಟಗಾರ ಮಾರಾಟವಾದ ಎಂಬ ಮಾತನ್ನು ಪುರಾವೆಯಿಲ್ಲದೆ ಆಡುವುದು ಚರ್ಚೆಯೂ ಅಲ್ಲ, ಅಭಿಮಾನವೂ ಅಲ್ಲ. ಅದು ಒಬ್ಬನ ಮಾನ ತೆಗೆಯುವ ಕೆಲಸ. ಐಪಿಎಲ್ ಬಂದಾಗ ಊರೂರಲ್ಲಿ ಬೆಟ್ಟಿಂಗ್ ಆಡಿ ಕಳೆದುಕೊಂಡವರೇ ಈ ಮಾತನ್ನು ಎಲ್ಲರಿಗಿಂತ ಜೋರಾಗಿ ಆಡುವುದನ್ನು ಕಂಡಿದ್ದೇನೆ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಕೊನೆಯವರೆಗೆ ಬಿಗಿಯಾಗಿ ನಡೆದ ಪಂದ್ಯದ ವರದಿಯ ಜೊತೆ, 15ನೇ ಓವರ್ ಮುಗಿದಾಗ ಯಾವ ಬೌಲರ್ ಬಳಿ ಎಷ್ಟು ಓವರ್ ಉಳಿದಿತ್ತು, ಅಲ್ಲಿಯವರೆಗೆ ಅವನು ಎಷ್ಟು ರನ್ ಕೊಟ್ಟಿದ್ದ ಎಂಬ ನಾಲ್ಕು ಸಾಲಿನ ಪಟ್ಟಿ ಹಾಕಿ. ಆಮೇಲೆ ಓದುಗರು ನಾಯಕನನ್ನು ಎಷ್ಟು ಬೇಕಾದರೂ ಟೀಕಿಸಲಿ. ನಮ್ಮ ಜಿಲ್ಲೆಯ ಟೂರ್ನಿ ಸಮಿತಿಗಳವರೂ ಮೈಕ್ ಹಿಡಿಯುವವರಿಗೆ ಮೊದಲೇ ಹೇಳಿಡಲಿ: ಸ್ಕೋರ್ ಹೇಳಿ, ಆಟಗಾರನ ಮೇಲೆ ಅನುಮಾನದ ಮಾತು ಬೇಡ. ಹಾಗೆ ಆಡಿದವರ ಕೈಯಿಂದ ಅಂದೇ ಮೈಕ್ ತೆಗೆದುಕೊಳ್ಳಲಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಸ್ಕೋರರ್, ಗಂಗಾವತಿ