ಕರ್ತೃ ಎಲ್ಲಿ ಹೋದ?

ಕರ್ಮಣಿ ಪ್ರಯೋಗವನ್ನು ನಾವು ಸೂತ್ರದಂತೆ ಕಲಿಸುತ್ತೇವೆ. ಕರ್ತೃವಿಗೆ ‘ಇಂದ’ ಸೇರಿಸು, ಧಾತುವಿಗೆ ‘ಅಲ್ಪಡು’ ಹಚ್ಚು, ಅಂಕ ಸಿಗುತ್ತದೆ. ವಾಕ್ಯವನ್ನು ಹೀಗೆ ಏಕೆ ತಿರುಗಿಸಬೇಕು ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಇದಕ್ಕೆ ಉತ್ತರ ಯಶವಂತ ಚಿತ್ತಾಲರ ‘ಶಿಕಾರಿ’ (1979) ಕಾದಂಬರಿಯಲ್ಲಿದೆ ಎಂದು ನನ್ನ ಅಭಿಪ್ರಾಯ.

ಮುಂಬಯಿಯ ಕಂಪನಿಯೊಂದರ ಅಧಿಕಾರಿ ನಾಗಪ್ಪ ಅಮಾನತುಗೊಳ್ಳುತ್ತಾನೆ. ತನ್ನ ಮೇಲಿನ ಆರೋಪವೇನೆಂಬುದೇ ಅವನಿಗೆ ಸ್ಪಷ್ಟವಿಲ್ಲ. ಶೀರ್ಷಿಕೆಯ ರೂಪಕವನ್ನು ಯಾರಾದರೂ ಗುರುತಿಸಿಯಾರು: ಕಚೇರಿಯೇ ಕಾಡು, ನೌಕರನೇ ಬೇಟೆ. ಕತೆ ನಾಗಪ್ಪನ ಮನಸ್ಸಿನೊಳಗೇ ನಡೆಯುವುದರಿಂದ ಸಂಶಯ ಯಾವುದು, ಸತ್ಯ ಯಾವುದು ಎಂದು ನಮಗೂ ತಿಳಿಯದಾಗುತ್ತದೆ. ಇವೆರಡಕ್ಕಿಂತ ಮುಖ್ಯವಾದ ತಂತ್ರ ಇನ್ನೊಂದಿದೆ. ಬಾಣ ಕಾಣುತ್ತದೆ, ಬಿಟ್ಟವನು ಕಾಣುವುದಿಲ್ಲ. ಇಡೀ ಕಾದಂಬರಿಯೇ ಕರ್ತೃವಿಲ್ಲದ ಒಂದು ವಾಕ್ಯದಂತಿದೆ.

ವಿಜ್ಞಾನದ ವಿದ್ಯಾರ್ಥಿಯಾಗಿ ನನಗೆ ಈ ವಾಕ್ಯ ಹೊಸದಲ್ಲ. ‘ದ್ರಾವಣವನ್ನು ಕಾಯಿಸಲಾಯಿತು’ ಎಂದು ಪ್ರಯೋಗದ ವರದಿಯಲ್ಲಿ ಬರೆಯುತ್ತೇವೆ. ಯಾರು ಕಾಯಿಸಿದರೂ ಫಲಿತಾಂಶ ಒಂದೇ, ಆದ್ದರಿಂದ ಕರ್ತೃ ಬೇಕಿಲ್ಲ. ‘ಅರ್ಜಿಯನ್ನು ತಿರಸ್ಕರಿಸಲಾಗಿದೆ’ ಎಂಬಲ್ಲಿ ಹಾಗಲ್ಲ. ಅಲ್ಲಿ ಕರ್ತೃ ಬೇಕು, ಆದರೆ ಅಡಗಿದ್ದಾನೆ. ಸ್ವತಃ ಪಾಲಿಮರ್ ತಂತ್ರಜ್ಞರಾಗಿದ್ದ ಚಿತ್ತಾಲರು ಪ್ರಯೋಗಾಲಯವನ್ನೂ ಬಲ್ಲವರು, ಕಚೇರಿಯನ್ನೂ ಬಲ್ಲವರು.

ಗೋಕಾಕ, ಮೂಡಲಗಿ, ಹುಕ್ಕೇರಿಯ ಶಾಲೆಗಳಲ್ಲಿ ನಾವು ಪಾಠ ಮಾಡುವ ಮಕ್ಕಳ ಮನೆಗಳಿಗೆ ಇಂಥ ವಾಕ್ಯಗಳು ಪಹಣಿ, ರೇಷನ್ ಕಾರ್ಡ್, ವಿದ್ಯಾರ್ಥಿವೇತನದ ರೂಪದಲ್ಲಿ ಬರುತ್ತವೆ. ‘ಫೈಲ್ ಮುಂದ ಹೋಗವಲ್ದು’ ಎನ್ನುತ್ತಾರೆ ಹಿರಿಯರು. ಒಲ್ಲೆನ್ನುವುದು ಫೈಲೇ ಎಂಬಂತೆ! ನಿರ್ಜೀವಕ್ಕೆ ಜೀವ ಬಂತು, ಮೇಜಿನ ಹಿಂದಿನ ಮನುಷ್ಯ ಮಾಯವಾದ. ಅಲಂಕಾರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

‘ಶಿಕಾರಿ’ ಪ್ರೌಢಶಾಲೆಗೆ ಭಾರವಾದೀತು, ಪಠ್ಯ ಮುಗಿಸಲೇ ಸಮಯವಿಲ್ಲ ಎಂಬ ಆಕ್ಷೇಪ ಸರಿಯೇ. ಕಾದಂಬರಿಯನ್ನು ಮಕ್ಕಳು ಓದಬೇಕಿಲ್ಲ, ಪ್ರಶಿಕ್ಷಣಾರ್ಥಿಗಳಾದ ನಾವು ಓದಬೇಕು. ಮಕ್ಕಳಿಗೆ ಒಂದು ಅವಧಿ ಸಾಕು. ಪಂಚಾಯಿತಿಯ ಫಲಕದಿಂದ ‘-ಲಾಗಿದೆ’, ‘-ಲಾಗುವುದು’ ಎಂದು ಮುಗಿಯುವ ಮೂರು ವಾಕ್ಯ ಬರೆದು ತರಲಿ. ಪ್ರತಿಯೊಂದನ್ನೂ ಕರ್ತರಿಗೆ ತಿರುಗಿಸಲಿ. ತಿರುಗಿಸಲು ಹೊರಟ ಕೂಡಲೇ ‘ಯಾರು?’ ಎಂದು ಕೇಳಲೇಬೇಕಾಗುತ್ತದೆ.

ಮುಂದೊಂದು ದಿನ ತಂದೆಯ ಅರ್ಜಿ ಹಿಡಿದು ಕಚೇರಿಯ ಕಿಟಕಿಯ ಮುಂದೆ ನಿಲ್ಲುವ ಹುಡುಗಿಗೆ, ಪರೀಕ್ಷೆಯ ಒಂದು ಅಂಕಕ್ಕಿಂತ ಈ ಪ್ರಶ್ನೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.